ಯಾವ ಕಂಪನಿ ಅನ್ನೋದು ಆಮೇಲೆ, ಮೊದಲು ಕ್ಲಚ್ ಯಾವುದು ಕೇಳಿ

12 ಎಕರೆ ಎರಿ (ಕಪ್ಪು ಮಣ್ಣಿನ ಹೊಲ) ಇದೆ, ರೋಟಾವೇಟರ್ (ಬ್ಲೇಡ್ ತಿರುಗಿ ಮಣ್ಣು ಪುಡಿ ಮಾಡುವ ಯಂತ್ರ) ಹಾಕಿ ಬಾಡಿಗೆಗೂ ಹೊಡೆದು ಅದರಲ್ಲೇ ಸಾಲದ ಕಂತು ಕಟ್ಟಬೇಕು, 45 ಎಚ್‌ಪಿಯಲ್ಲಿ ಯಾವ ಕಂಪನಿಯ ಟ್ರ್ಯಾಕ್ಟರ್ ನಂಬಬಹುದು ಅಂತ ಕೇಳಿದ್ದೀರಿ. 2017ರಲ್ಲಿ ನಾನೂ ಇದನ್ನೇ ಊರೆಲ್ಲ ಕೇಳಿಕೊಂಡು ತಿರುಗಿದವನು. ಲಕ್ಷ್ಮೇಶ್ವರದ ಹತ್ತಿರ ನಮ್ಮದು ಒಂಬತ್ತು ಎಕರೆ. ಒಬ್ಬರು ಮಹೀಂದ್ರಾ ಅಂದರು, ಇನ್ನೊಬ್ಬರು ಸ್ವರಾಜ್ ಅಂದರು, ಜಾನ್ ಡೀರ್ ಬಿಟ್ಟು ಬೇರೆ ಮುಟ್ಟಬ್ಯಾಡ ಅಂತ ಮಾವ ಹಟ ಹಿಡಿದ. ಎರಡು ತಿಂಗಳು ಅದೇ ಚರ್ಚೆ. ಕ್ಲಚ್ ವಿಚಾರ ಯಾರ ಬಾಯಲ್ಲೂ ಬರಲಿಲ್ಲ.

ಶೋರೂಮಿನಲ್ಲಿ ಒಂದೇ ಮಾಡೆಲ್ ಸಿಂಗಲ್ ಕ್ಲಚ್ಚಿನಲ್ಲೂ ಇತ್ತು, ಡಬಲ್ ಕ್ಲಚ್ಚಿನಲ್ಲೂ ಇತ್ತು. ಡಬಲ್‌ಗೆ ಇಪ್ಪತ್ತೈದು ಸಾವಿರ ಹೆಚ್ಚು. "ಕಾಲಾಗ ಒತ್ತೂದು ಒಂದ ಪೆಡಲ್ ಅಲ್ರಿ? ಸುಮ್ನ ಯಾಕ ರೊಕ್ಕ ಹಾಕ್ತೀರಿ" ಅಂತ ಶೋರೂಮಿನವರೇ ಅಂದರು. ಅಪ್ಪನಿಗೂ ಸರಿ ಅನಿಸಿತು, ನನಗೂ. ಸಿಂಗಲ್ ತಂದೆವು.

ಇದನ್ನು ಬಿಡಿಸಿ ಹೇಳುತ್ತೇನೆ, ನನಗೆ ಯಾರೂ ಹೇಳಿರಲಿಲ್ಲ. ಸಿಂಗಲ್ ಕ್ಲಚ್ ಒತ್ತಿದರೆ ಗಾಲಿಯೂ ನಿಲ್ಲುತ್ತದೆ, ಹಿಂದೆ ಕಟ್ಟಿದ ಯಂತ್ರಕ್ಕೆ ಎಂಜಿನ್ನಿನ ಶಕ್ತಿ ಕೊಡುವ ಪಿಟಿಒ ಶಾಫ್ಟೂ ನಿಲ್ಲುತ್ತದೆ. ಕಲ್ಟಿವೇಟರ್, ಟ್ರೇಲರ್‌ಗೆ ಇದರಿಂದ ತೊಂದರೆ ಇಲ್ಲ, ಅವನ್ನು ಎಳೆದರೆ ಸಾಕು. ರೋಟಾವೇಟರ್ ಪಿಟಿಒ ಮೇಲೆಯೇ ತಿರುಗಬೇಕು. ಗೋವಿನಜೋಳದ ಕೂಳೆ ಇರುವ ಎರಿಯಲ್ಲಿ, ಅದೂ ಹಸಿ ಇದ್ದಾಗ, ಬ್ಲೇಡಿಗೆ ಮಣ್ಣು ಮೆತ್ತಿ ದಂಟು ಸುತ್ತಿ ಎಂಜಿನ್ ಏದುಸಿರು ಬಿಡುತ್ತದೆ. ಕಾಲು ತಾನಾಗಿಯೇ ಕ್ಲಚ್ಚಿಗೆ ಹೋಗುತ್ತದೆ. ಒತ್ತಿದ ಕೂಡಲೇ ಬ್ಲೇಡ್ ಮಣ್ಣೊಳಗೇ ನಿಂತುಬಿಡುತ್ತದೆ. ಮತ್ತೆ ಬಿಡುವಾಗ ಎಂಜಿನ್ ಗಾಲಿಯನ್ನೂ ಉರುಳಿಸಬೇಕು, ಹೂತು ನಿಂತ ಬ್ಲೇಡನ್ನೂ ಎಬ್ಬಿಸಬೇಕು. ಒಂದೋ ಗಾಡಿ ಬಂದ್ ಬೀಳುತ್ತದೆ, ಇಲ್ಲವೆ ಅರ್ಧ ಕ್ಲಚ್ಚಿನಲ್ಲಿ ಹಿಡಿದು ಹಿಡಿದು ಕ್ಲಚ್ ಪ್ಲೇಟ್ ಸುಡುತ್ತದೆ. ಡಬಲ್ ಕ್ಲಚ್ಚಿನಲ್ಲಿ ಅದೇ ಪೆಡಲ್ ಅರ್ಧ ಒತ್ತಿದರೆ ಗಾಲಿ ಮಾತ್ರ ನಿಲ್ಲುತ್ತದೆ. ಬ್ಲೇಡ್ ತಿರುಗುತ್ತಲೇ ಇದ್ದು ಸಿಕ್ಕಿದ್ದನ್ನು ಕತ್ತರಿಸಿ ಒಗೆಯುತ್ತದೆ. ಪೂರ್ತಿ ಒತ್ತಿದರೆ ಎರಡೂ ನಿಲ್ಲುತ್ತವೆ. ಪೆಡಲ್ ಒಂದೇ ಅನ್ನೋದು ನಿಜ, ಅದರ ಕೆಲಸ ಎರಡು.

ಮೊದಲ ಹಿಂಗಾರಿಯಲ್ಲೇ ಪ್ಲೇಟ್ ಹೋಯಿತು. ಅದನ್ನು ಬದಲಿಸಲು ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕು, ಬದುವಿನ ಮೇಲೆ ಕೂತು ಮಾಡುವ ಕೆಲಸವಲ್ಲ. ಅಕ್ಟೋಬರ್ ತಿಂಗಳು, ಮೆಕ್ಯಾನಿಕ್‌ಗೆ ಪುರುಸೊತ್ತಿಲ್ಲ, ಆರು ದಿನ ಹಿಡಿಯಿತು. ಕಾಕಾನ ಐದು ಎಕರೆಯನ್ನು ಕಡಲೆಗೆ ರೋಟಾ ಹೊಡೆದುಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೆ. ಅದನ್ನೇ ನಂಬಿ ಆತ ಬೇರೆ ಗಾಡಿ ಬೇಡ ಅಂದಿದ್ದ. ಗಾಡಿ ಬರುವಷ್ಟರಲ್ಲಿ ಎರಿ ಬಿರುಕು ಬಿಟ್ಟಿತ್ತು, ಹದ ಹೋಗಿತ್ತು. ಬಿತ್ತಿದ ಕಡಲೆ ಅರ್ಧಕ್ಕರ್ಧ ಹುಟ್ಟಲಿಲ್ಲ. ಆ ವರ್ಷ ಆತನ ಸೊಸೈಟಿ ಸಾಲದಲ್ಲಿ ಒಂದಷ್ಟು ನಾನೇ ಕಟ್ಟಿದೆ. ಮರುವರ್ಷ ಇನ್ನೊಂದು ಪ್ಲೇಟ್.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನನ್ನ ಗಾಡಿಯ ಕಂಪನಿಯಲ್ಲಿ ತಪ್ಪಿರಲಿಲ್ಲ, ಆಯ್ಕೆ ಮಾಡಿದ್ದು ನಾನು. ಬಾನೆಟ್ ಮೇಲಿನ 45 ಎಚ್‌ಪಿ ಎಂಜಿನ್ನಿನದು. ರೋಟಾವೇಟರ್‌ಗೆ ಸಿಗುವ ಪಿಟಿಒ ಎಚ್‌ಪಿ ಅದಕ್ಕಿಂತ ಕಡಿಮೆ, ಅದನ್ನು ಕೇಳಿ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ ಟ್ರ್ಯಾಕ್ಟರ್‌ಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ, ಆ ಮಾಡೆಲ್‌ನ ವರದಿ ತೋರಿಸಿ ಅನ್ನಿ. ಆಯಿಲ್ ಬ್ರೇಕ್ (ಎಣ್ಣೆಯಲ್ಲಿ ಮುಳುಗಿರುವ ಬ್ರೇಕ್) ಇರುವುದನ್ನೇ ತಗೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಉಳಿಯುವ ರೊಕ್ಕವನ್ನು ಡಬಲ್ ಕ್ಲಚ್ಚಿಗೆ ಹಾಕಿ.

ಬಾಡಿಗೆ ನಂಬಿ ಕಂತು ಕಟ್ಟುವ ಲೆಕ್ಕ ಮಾತ್ರ ಬೇಡವೇ ಬೇಡ. ಎಲ್ಲರೂ ಕರೆಯುವುದು ಹದ ಇರುವ ನಾಲ್ಕಾರು ದಿನ, ಆ ದಿನ ನಿಮ್ಮ ಹೊಲಕ್ಕೂ ಗಾಡಿ ಬೇಕು. ಸರ್ಕಾರದ ಯೋಜನೆಯಾದ ಕೃಷಿ ಯಂತ್ರಧಾರೆ ಕೇಂದ್ರದವರೂ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತಾರೆ. ನಿಮ್ಮ 12 ಎಕರೆಯ ಆದಾಯದಲ್ಲೇ ಕಂತು ಕಟ್ಟಲು ಆಗುತ್ತದಾ ನೋಡಿ, ಆಗದಿದ್ದರೆ ಈ ವರ್ಷ ತರಬೇಡಿ.

ಶೋರೂಮಿನ ಅಂಗಳದಲ್ಲಿ ಓಡಿಸಿ ನೋಡಿದರೆ ಏನೂ ತಿಳಿಯದು. ಡೆಮೊ ಗಾಡಿಯನ್ನು ನಿಮ್ಮ ಹೊಲಕ್ಕೇ ತರಿಸಿ, ಐದಡಿ ರೋಟಾವೇಟರ್ ಕಟ್ಟಿಸಿ, ಕೂಳೆ ಇದ್ದಲ್ಲಿ ಇಳಿಸಿ. ನಡುವೆ ಪೆಡಲ್ ಅರ್ಧ ಒತ್ತಿ ಹಿಂದೆ ತಿರುಗಿ ನೋಡಿ. ಬ್ಲೇಡ್ ತಿರುಗುತ್ತಿದ್ದರೆ ಅಡ್ವಾನ್ಸ್ ಮಾತು ತೆಗೆಯಿರಿ.