ಡೆಸ್ಕ್‌ಟಾಪ್ ಪ್ರೊಸೆಸರ್‌ಗಿಂತ ಸರ್ವರ್ ಪ್ರೊಸೆಸರ್ ಹೆಚ್ಚು ಬಿಸಿಯಾಗುತ್ತದೆಯೇ? ವಿದ್ಯುತ್ತು, ಬೆಲೆಯ ಲೆಕ್ಕ ಹೇಗೆ?

ಒಟ್ಟು ಲೆಕ್ಕದಲ್ಲಿ ಸರ್ವರ್ ಪ್ರೊಸೆಸರೇ ಹೆಚ್ಚು ವಿದ್ಯುತ್ತು ಎಳೆಯುತ್ತದೆ, ಹೆಚ್ಚು ಶಾಖ ಹೊರಹಾಕುತ್ತದೆ. ಆದರೆ ಕೋರ್‌ವಾರು (ಕೋರ್ ಎಂದರೆ ಪ್ರೊಸೆಸರ್‌ನೊಳಗೆ ಸ್ವತಂತ್ರವಾಗಿ ಕೆಲಸ ಮಾಡುವ ಘಟಕ) ಹಂಚಿ ನೋಡಿದರೆ ಲೆಕ್ಕ ತಿರುವುಮುರುವಾಗುತ್ತದೆ.

ಎಎಂಡಿ ಕಂಪನಿಯ ಎರಡು ಚಿಪ್ ತೆಗೆದುಕೊಳ್ಳಿ. ಎರಡರಲ್ಲೂ ಇರುವುದು ಝೆನ್ 4 ಎಂಬ ಒಂದೇ ವಿನ್ಯಾಸದ ಕೋರ್‌ಗಳೇ. ಡೆಸ್ಕ್‌ಟಾಪ್‌ನ ರೈಜನ್ 9 7950ಎಕ್ಸ್‌ನಲ್ಲಿ 16 ಕೋರ್, ಟಿಡಿಪಿ (ಕೂಲರ್ ಆರಿಸಲು ತಯಾರಕರು ಕೊಡುವ ಅಂಕಿ) 170 ವ್ಯಾಟ್. ಸರ್ವರ್‌ನ ಎಪಿಕ್ 9654ರಲ್ಲಿ 96 ಕೋರ್, 360 ವ್ಯಾಟ್. ಅಂದರೆ ಕೋರ್‌ಗೆ ಸುಮಾರು 10.6 ವ್ಯಾಟ್ ಎದುರು 3.75.

ಕಾರಣ ವೋಲ್ಟೇಜ್. ವೇಗ ಹೆಚ್ಚಬೇಕಾದರೆ ವೋಲ್ಟೇಜನ್ನೂ ಏರಿಸಬೇಕು. ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ ಸಂಖ್ಯೆಗೆ) ತಕ್ಕಂತೆ ಏರುತ್ತದೆ. ವೋಲ್ಟೇಜ್ ಶೇ 20 ಏರಿದರೆ, ವೇಗ ಅಷ್ಟೇ ಇದ್ದರೂ, ಬಳಕೆ ಶೇ 44 ಹೆಚ್ಚು. ರೈಜನ್ 5.7 ಗಿಗಾಹರ್ಟ್ಸ್ ಮುಟ್ಟಲು ಈ ದಂಡ ತೆರುತ್ತದೆ, ಎಪಿಕ್ 3.7ಕ್ಕೇ ನಿಲ್ಲುತ್ತದೆ. ಜೊತೆಗೆ ಎಪಿಕ್‌ನ ಕೋರ್‌ಗಳ ಶಾಖ 12 ಸಿಲಿಕಾನ್ ತುಣುಕುಗಳಲ್ಲಿ ಹರಡಿರುತ್ತದೆ, ರೈಜನ್‌ನದು ಎರಡರಲ್ಲೇ. ಹಾಗಾಗಿ ಪೂರ್ಣ ಹೊರೆಯಲ್ಲಿ ಒಳ್ಳೆಯ ಕೂಲರ್ ಇದ್ದರೂ ರೈಜನ್ 95 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಅದು ದೋಷವಲ್ಲ, ವಿನ್ಯಾಸವೇ ಹಾಗೆ. ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ವಿದ್ಯುತ್ ಮಿತಿ ತಗ್ಗಿಸುವ ಇಕೋ ಮೋಡ್ ಆರಿಸಿ 105 ವ್ಯಾಟ್‌ಗೆ ಇಳಿಸಿ ನೋಡಿ: ತಾಪ ಚೆನ್ನಾಗಿ ತಗ್ಗುತ್ತದೆ, ವೇಗ ಸ್ವಲ್ಪವೇ.

2022ರ ಬಿಡುಗಡೆ ಬೆಲೆ ರೈಜನ್‌ಗೆ 699 ಡಾಲರ್, ಎಪಿಕ್‌ಗೆ 11,805. ಕೋರ್ 6 ಪಟ್ಟು, ಬೆಲೆ ಸುಮಾರು 17 ಪಟ್ಟು! ಆ ಹಣಕ್ಕೆ ಎರಡರ ಬದಲು 12 ಮೆಮೊರಿ ಚಾನೆಲ್ (ಮೆಮೊರಿಗೆ ಹೋಗುವ ದಾರಿ), 128 ಪಿಸಿಐಇ ಲೇನ್ (ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿಯಂಥವನ್ನು ಜೋಡಿಸುವ ದಾರಿ) ಸಿಗುತ್ತವೆ. ಇವು ಬೇಡವಾದರೆ ಡೆಸ್ಕ್‌ಟಾಪ್ ಚಿಪ್ಪನ್ನೇ ಕೊಳ್ಳಿ. ಒಂದೆರಡು ಕೋರ್ ಮಾತ್ರ ಬಳಸುವ ಕೆಲಸದಲ್ಲಿ ಡೆಸ್ಕ್‌ಟಾಪ್ ಚಿಪ್ಪೇ ಹೆಚ್ಚು ವೇಗದ್ದು, ಖಾಲಿ ಕೂತಾಗಲೂ ಕಡಿಮೆ ವಿದ್ಯುತ್ತು ಎಳೆಯುವುದು ಅದೇ.