ಶಿರಸಿಯಿಂದ ಬೆಳಿಗ್ಗೆ ಹೊರಟು ಅದೇ ದಿನ ಮರ್ಮಗೋವಾದಲ್ಲಿ ಕ್ರೂಸ್ ಹಡಗು ಹತ್ತಬಹುದೇ?

ದೂರವನ್ನಷ್ಟೇ ನೋಡಿದರೆ ಹತ್ತಬಹುದು. ಆದರೆ ನೀವು ಬರೆದಿರುವ ಕ್ರಮದಲ್ಲಿ ಹೊರಡಬೇಡಿ ಎಂದೇ ನಾನು ಹೇಳುತ್ತೇನೆ.

ನೀವು ಬರೆದದ್ದು ಇಷ್ಟು: ಶಿರಸಿಯಿಂದ ಆರು ಜನ, ಅವರಲ್ಲಿ ಮೊಣಕಾಲು ನೋವಿರುವ 74 ವರ್ಷದ ಆಯಿ, ನಾಲ್ಕು ವರ್ಷದ ಮಗಳು. ಬೆಳಿಗ್ಗೆ ಐದಕ್ಕೆ ಸ್ವಂತ ಕಾರಿನಲ್ಲಿ ಹೊರಟು ಗೋಕರ್ಣದಲ್ಲಿ ದರ್ಶನ, ಮಡಗಾಂವಿನಲ್ಲಿ ಊಟ, ಮೂರೂವರೆಗೆ ಬಂದರು. ಹಡಗು ಬಿಡುವುದು ಐದಕ್ಕೆ. ಎರಡು ರಾತ್ರಿ ಕಳೆದು ಮುಂಬೈನಲ್ಲಿ ಇಳಿಯುವುದು. ಕಾರನ್ನು ಬಂದರಿನ ಹತ್ತಿರ ಎಲ್ಲಿ ನಿಲ್ಲಿಸಬಹುದು ಎಂಬುದು ನಿಮ್ಮ ಕೊನೆಯ ಪ್ರಶ್ನೆ. ನಾನು ಕಾರವಾರದಲ್ಲಿ ಬಾಡಿಗೆ ಕಾರು ಓಡಿಸುವವನು. ದಾಬೋಲಿಂ ವಿಮಾನ ನಿಲ್ದಾಣಕ್ಕೆ, ಮಡಗಾಂವ್ ರೈಲು ನಿಲ್ದಾಣಕ್ಕೆ, ಹಡಗಿನ ಕಾಲದಲ್ಲಿ ಬಂದರಿಗೆ ಕುಟುಂಬಗಳನ್ನು ಬಿಟ್ಟು ಬರುವುದು ನನ್ನ ದಿನನಿತ್ಯದ ಕೆಲಸ. ಆ ತಿಳಿವಳಿಕೆಯ ಮೇಲೆ ಬರೆಯುತ್ತಿದ್ದೇನೆ.

ಮೊದಲು ಆ ‘ಐದು ಗಂಟೆ’ಯ ವಿಷಯ. ಟಿಕೆಟ್‌ನಲ್ಲಿರುವ ಸಮಯ ಹಡಗಿನ ಹಗ್ಗ ಬಿಚ್ಚುವ ಸಮಯ, ನಿಮ್ಮನ್ನು ಒಳಗೆ ಬಿಡುವ ಸಮಯವಲ್ಲ. ನೋಂದಣಿಯ ಕೌಂಟರನ್ನು ಅದಕ್ಕೂ ಒಂದು, ಒಂದೂವರೆ ಗಂಟೆ ಮೊದಲೇ ಮುಚ್ಚುತ್ತಾರೆ. ಕೆಲವು ಕಂಪನಿಗಳು ಇನ್ನೂ ಬೇಗ ಮುಚ್ಚುತ್ತವೆ. ಹತ್ತಿದವರ ಪಟ್ಟಿಯನ್ನು ಅಂತಿಮಗೊಳಿಸಿ ಅಧಿಕಾರಿಗಳಿಗೆ ಒಪ್ಪಿಸದೆ ಹಡಗು ಕದಲುವಂತಿಲ್ಲ. ಹಡಗಿಗೆ ದಾರಿ ತೋರುವ ಬಂದರಿನ ಪೈಲಟ್ ಮತ್ತು ಅದನ್ನು ಎಳೆಯುವ ಟಗ್ ದೋಣಿಗಳು ನಿಗದಿತ ಹೊತ್ತಿಗೆ ಬಂದು ನಿಲ್ಲುತ್ತವೆ. ಪ್ರಯಾಣಿಕರಿಗೆಲ್ಲ ಸುರಕ್ಷತಾ ಅಭ್ಯಾಸವನ್ನು ಹಡಗು ಹೊರಡುವ ಮೊದಲು, ಇಲ್ಲವೇ ಹೊರಟ ಕೂಡಲೇ ಮಾಡಿಸಬೇಕೆಂಬ ಅಂತರರಾಷ್ಟ್ರೀಯ ನಿಯಮವೂ ಇದೆ. ಹೀಗಿರುವಾಗ ಗೋವಾದ ಕಾಣಕೋಣ ದಾಟಿದ ಮೇಲೆ ಬರುವ ಕರ್ಮಲ್ ಘಾಟ್‌ನಲ್ಲಿ ಲಾರಿ ಕೆಟ್ಟು ನಿಂತಿತ್ತು ಎಂಬ ಕಾರಣಕ್ಕೆ ಒಂದು ಕುಟುಂಬಕ್ಕಾಗಿ ಯಾರೂ ಕಾಯುವುದಿಲ್ಲ. ಕೌಂಟರ್ ಮೂರೂವರೆಗೆ ಮುಚ್ಚುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ಗುರಿ ಒಂದೂವರೆ ಆಗಿರಬೇಕು. ನಡುವಿನ ಎರಡು ಗಂಟೆ ರಸ್ತೆಗೆ ಮೀಸಲು. ಅದರಲ್ಲಿ ಊಟಕ್ಕೂ ದರ್ಶನಕ್ಕೂ ಪಾಲು ಕೊಡಬೇಡಿ.

ಇನ್ನೊಂದು ಸಂಗತಿ. ಮುಂಬೈನಿಂದ ಬಂದ ಹಡಗಾದರೆ ಅದರಲ್ಲಿದ್ದವರು ಬೆಳಿಗ್ಗೆ ಗೋವಾ ನೋಡಲು ಬಸ್ಸುಗಳಲ್ಲಿ ಹೋಗಿರುತ್ತಾರೆ. ಅವರೆಲ್ಲ ಮರಳುವುದು ಮಧ್ಯಾಹ್ನ ಎರಡೂವರೆಯ ಆಸುಪಾಸಿನಲ್ಲಿ. ಹೊಸಬರು ಸೇರುವುದೂ ಅದೇ ಹೊತ್ತಿಗೆ. ಮೂರೂವರೆಗೆ ತಲುಪಿದವರು ಆ ಸಾಲಿನ ಬಾಲದಲ್ಲಿ ನಿಲ್ಲಬೇಕಾಗುತ್ತದೆ, ಮೊಣಕಾಲು ನೋವಿನ ಆಯಿಯೊಂದಿಗೆ.

ಇನ್ನು ರಸ್ತೆ. ಕುಮಟಾ ಮಾರ್ಗವಾಗಿ ಶಿರಸಿಯಿಂದ ಬಂದರಿಗೆ ಸುಮಾರು 225 ಕಿ.ಮೀ. ಹೆದ್ದಾರಿ ಎಂದ ಮಾತ್ರಕ್ಕೆ ನಾಲ್ಕು ಗಂಟೆ ಸಾಕು ಎಂದುಕೊಳ್ಳಬೇಡಿ. ಶಿರಸಿ, ಕುಮಟಾ ನಡುವಿನ ದೇವಿಮನೆ ಘಟ್ಟ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ವಿಸ್ತರಣೆ ಕಾಮಗಾರಿಗಾಗಿ ಆ ರಸ್ತೆಯನ್ನು ಮುಚ್ಚಿದ ದಿನಗಳೂ ಇದ್ದವು, ಆಗ ಯಲ್ಲಾಪುರಕ್ಕೆ ಹೋಗಿ ಅರಬೈಲ್ ಘಟ್ಟ ಇಳಿದು ಹುಬ್ಬಳ್ಳಿ ಕಡೆಯ ಲಾರಿಗಳ ಹಿಂದೆ ಅಂಕೋಲಾಕ್ಕೆ ಬರಬೇಕಾಗುತ್ತಿತ್ತು. ಕರಾವಳಿಯ ಹೆದ್ದಾರಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು, ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಲಾರಿಯ ಸಮೇತ ಮುರಿದು ಬಿದ್ದದ್ದನ್ನು ನಾವು ಕಾರವಾರದವರು ಮರೆತಿಲ್ಲ. ಅಂದಿನಿಂದ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಯೊಂದರ ಮೇಲೆಯೇ ಹಾಯುತ್ತಿವೆ. ಹಡಗಿನ ಕಾಲ ಮಳೆಗಾಲವಲ್ಲ, ಗುಡ್ಡ ಕುಸಿಯುವ ಭಯ ಕಡಿಮೆ. ಆದರೂ ಸೇತುವೆಯ ಮೇಲೆ ಒಂದು ಟ್ರಕ್ ಅಡ್ಡ ನಿಂತರೆ ಕೋಡಿಬಾಗ್‌ವರೆಗೆ ವಾಹನಗಳ ಸಾಲು ಬೆಳೆಯುತ್ತದೆ.

ಆದ್ದರಿಂದ ನನ್ನ ಸಲಹೆ: ಘಟ್ಟ ಇಳಿಯುವ ದಿನ ಬೇರೆ, ಹಡಗು ಹತ್ತುವ ದಿನ ಬೇರೆ ಮಾಡಿಕೊಳ್ಳಿ. ಹಿಂದಿನ ದಿನ ಬೆಳಿಗ್ಗೆ ತಿಂಡಿ ಮುಗಿಸಿ ನಿಧಾನವಾಗಿ ಹೊರಡಿ. ಮಾದನಗೇರಿ ಕ್ರಾಸಿನಲ್ಲಿ ತಿರುಗಿ ಗೋಕರ್ಣಕ್ಕೆ ಹೋಗಿ, ಮಧ್ಯಾಹ್ನ ಗರ್ಭಗುಡಿ ಮುಚ್ಚುವುದರೊಳಗೆ ದರ್ಶನ ಮಾಡಿ. ಆಗ ಸಾಲು ಎಷ್ಟೇ ಉದ್ದವಿದ್ದರೂ ಮನಸ್ಸು ಶಾಂತವಾಗಿರುತ್ತದೆ. ಮಹಾಬಲೇಶ್ವರನ ಎದುರು ನಿಂತು ಗಡಿಯಾರ ನೋಡಿಕೊಳ್ಳುವ ದರ್ಶನ ಆಯಿಗೂ ಹಿಡಿಸುವುದಿಲ್ಲ. ಸಂಜೆಗೆ ಕಾರವಾರ ತಲುಪಿ ಇಲ್ಲೇ ಉಳಿಯಿರಿ. ಹಟ್ಟಿಕೇರಿಯಲ್ಲಿ ಟೋಲ್ ಇದೆ, ಫಾಸ್ಟ್ಯಾಗ್‌ನಲ್ಲಿ ಹಣ ಇರಲಿ.

ಮಡಗಾಂವಿನಲ್ಲೇ ಏಕೆ ಉಳಿಯಬಾರದು ಎಂದು ನೀವು ಕೇಳಬಹುದು. ಉಳಿಯಬಹುದು. ಡಿಸೆಂಬರ್ ಕೊನೆಯ ವಾರದಲ್ಲಿ ಅಥವಾ ಭಾನುವಾರದ ಹಡಗಾದರೆ ಅದೇ ಉತ್ತಮ. ಉಳಿದ ದಿನಗಳಲ್ಲಿ ನಾನು ಕಾರವಾರ ಎನ್ನುವುದಕ್ಕೆ ಕಾರಣ ಎರಡು. ಗೋಕರ್ಣದಿಂದ ಆಯಿಯನ್ನು ಅದೇ ದಿನ ಕರ್ಮಲ್ ಘಾಟ್ ದಾಟಿಸುವ ಶ್ರಮ ತಪ್ಪುತ್ತದೆ. ಎರಡನೆಯದು ಮುಖ್ಯ: ಇಲ್ಲಿಂದ ಮುಂದಕ್ಕೆ ಎರಡು ದಾರಿಗಳಿವೆ. ಬೆಳಿಗ್ಗೆ ಎದ್ದಾಗ ಸೇತುವೆಯೋ ಘಾಟೋ ಬಂದ್ ಎಂದು ತಿಳಿದರೆ ಶಿರವಾಡದಲ್ಲಿರುವ ಕಾರವಾರ ರೈಲು ನಿಲ್ದಾಣಕ್ಕೆ ಹೋಗಿ ಕೊಂಕಣ ರೈಲ್ವೆಯಲ್ಲಿ ಮಡಗಾಂವಿಗೆ ಹೋಗಿ, ಅಲ್ಲಿಂದ ಟ್ಯಾಕ್ಸಿಯಲ್ಲಿ ಬಂದರು ಸೇರಬಹುದು. ಬೆಳಗಿನ ರೈಲುಗಳ ಸಮಯವನ್ನು ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ನೋಡಿ ಬರೆದಿಟ್ಟುಕೊಳ್ಳಿ.

ಹೊರಡುವ ದಿನ ಬೆಳಿಗ್ಗೆ ಎಂಟಕ್ಕೆ ಕಾರವಾರ ಬಿಡಿ. ಸದಾಶಿವಗಡ, ಮಾಜಾಳಿ ದಾಟಿದರೆ ಪೋಳೆಂನಲ್ಲಿ ಗೋವಾ. ಅಲ್ಲಿ ಪೆಟ್ರೋಲ್ ನಮ್ಮಲ್ಲಿಗಿಂತ ಅಗ್ಗ, ಹಾಗಾಗಿ ಗಡಿಯ ಬಂಕ್‌ಗಳಲ್ಲಿ ನಮ್ಮ ಜಿಲ್ಲೆಯ ಗಾಡಿಗಳೇ ಸಾಲುಗಟ್ಟಿರುತ್ತವೆ. ಹಡಗಿನ ದಿನ ಆ ಸಾಲಿಗೆ ಸೇರಬೇಡಿ. ಕಾಣಕೋಣದಲ್ಲಿ 2019ರಲ್ಲಿ ತೆರೆದ ಬೈಪಾಸ್ ಹಿಡಿದರೆ ಚಾವಡಿ ಪೇಟೆ ಸಿಗುವುದಿಲ್ಲ, ಸಮಯ ಉಳಿಯುತ್ತದೆ. ಆದರೆ ಆಯಿಗೆ ಶೌಚಾಲಯ, ಮಗುವಿಗೆ ಹಾಲು ಬೇಕಿದ್ದರೆ ಪೇಟೆಯ ದಾರಿಯಲ್ಲೇ ಹೋಗಿ, ಏಕೆಂದರೆ ಮುಂದೆ ಬರುವುದು ಕರ್ಮಲ್ ಘಾಟ್.

ಈ ಘಾಟ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಎತ್ತರದ ಲೆಕ್ಕದಲ್ಲಿ ದೇವಿಮನೆಯ ಮುಂದೆ ಇದು ಏನೂ ಅಲ್ಲ. ಆದರೆ ರಸ್ತೆ ಇಕ್ಕಟ್ಟು. ಎರಡೂ ಬದಿ ಕಾಡು ಒತ್ತಿಕೊಂಡು ಬಂದಿದೆ, ತಿರುವಿನ ಆಚೆ ಏನಿದೆ ಎಂದು ಕಾಣುವುದಿಲ್ಲ. ಭಾರ ಹೊತ್ತ ಲಾರಿ ಮೊದಲ ಗೇರಿನಲ್ಲಿ ಏರುತ್ತಿರುತ್ತದೆ, ಅದರ ಹಿಂದೆ ಹತ್ತು ಹನ್ನೆರಡು ಕಾರು. ಮೂರನೆಯ ಕಾರಿನವನಿಗೆ ತಾಳ್ಮೆ ತಪ್ಪಿ ಬಲಕ್ಕೆ ಮೂಗು ಹಾಕುತ್ತಾನೆ, ಅಷ್ಟರಲ್ಲಿ ಎದುರಿನ ತಿರುವಿನಿಂದ ಗೋವಾ ಸರ್ಕಾರದ ಕದಂಬ ಬಸ್ಸಿನ ಹಾರ್ನ್. ಅವನು ಮರಳಿ ಸಾಲಿಗೆ ನುಗ್ಗುವಾಗ ಹಿಂದಿನವರೆಲ್ಲ ಬ್ರೇಕ್ ಒತ್ತುತ್ತಾರೆ. ಇಲ್ಲಿ ಅಪಘಾತಗಳು ಆಗುವುದು ಹೀಗೆಯೇ, ರಸ್ತೆ ಗಂಟೆಗಟ್ಟಲೆ ಮುಚ್ಚುವುದೂ ಹೀಗೆಯೇ. ದಯವಿಟ್ಟು ಓವರ್‌ಟೇಕ್ ಮಾಡಬೇಡಿ. ಲಾರಿಯ ಹಿಂದೆಯೇ ಘಾಟ್ ಇಳಿದರೆ ಕಳೆದುಕೊಳ್ಳುವುದು ಹತ್ತು ಹದಿನೈದು ನಿಮಿಷ, ಅದಕ್ಕೆಂದೇ ಎರಡು ಗಂಟೆ ಮೀಸಲಿಟ್ಟಿದ್ದೇವೆ.

ಕುಂಕಳ್ಳಿ ದಾಟಿದ ಮೇಲೆ ಮಡಗಾಂವ್ ಪೇಟೆಯೊಳಗೆ ಹೋಗದೆ ಪಶ್ಚಿಮ ಬೈಪಾಸ್ ಹಿಡಿಯಿರಿ. ವೆರ್ಣಾದಲ್ಲಿ ಪಣಜಿಯ ರಸ್ತೆ ಬಿಟ್ಟು ಎಡಕ್ಕೆ, ಬಿರ್ಲಾ ವೃತ್ತ, ದಾಬೋಲಿಂ, ವಾಸ್ಕೋ. ಇಲ್ಲಿ ಒಂದು ಎಚ್ಚರಿಕೆ. ಮೊಬೈಲಿನ ನಕ್ಷೆಯಲ್ಲಿ ‘ಗೋವಾ ಕ್ರೂಸ್’ ಎಂದು ಹುಡುಕಿದರೆ ಅದು ಪಣಜಿಯ ಮಾಂಡವಿ ನದಿಯ ಜೆಟ್ಟಿಯನ್ನೂ ತೋರಿಸಬಹುದು. ಅಲ್ಲಿಂದ ಹೊರಡುವುದು ಸಂಜೆಯ ವಿಹಾರದ ದೋಣಿಗಳು. ನಿಮ್ಮ ಹಡಗು ಇರುವುದು ಜುವಾರಿ ನದಿಯ ಈಚೆ ದಡದಲ್ಲಿ, ಅದು ಸಮುದ್ರ ಸೇರುವಲ್ಲಿ. ಟಿಕೆಟ್‌ನಲ್ಲಿ ಬರೆದಿರುವ ಬಂದರಿನ ದ್ವಾರವನ್ನೇ ನಕ್ಷೆಯಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಕಾರ್ನಿವಲ್ ದಿನಗಳಾದರೆ ಮಡಗಾಂವ್, ವಾಸ್ಕೋ ಎರಡರಲ್ಲೂ ಮೆರವಣಿಗೆಗಾಗಿ ರಸ್ತೆ ಮುಚ್ಚುತ್ತಾರೆ, ಅದನ್ನೂ ಪಂಚಾಂಗ ನೋಡಿದಂತೆ ಮೊದಲೇ ನೋಡಿಕೊಳ್ಳಿ.

ಮರ್ಮಗೋವಾ ಕಲ್ಲಿದ್ದಲು, ಅದಿರು ಸಾಗುವ ದೊಡ್ಡ ಬಂದರು. ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಕಾವಲಿದೆ. ಖಾಸಗಿ ಕಾರನ್ನು ಮನಸ್ಸು ಬಂದಲ್ಲಿಗೆ ಒಯ್ಯಲು ಬಿಡುವುದಿಲ್ಲ. ಅಲ್ಲಿ ನಾನು ಮತ್ತೆ ಮತ್ತೆ ಕಾಣುವ ಒಂದು ದೃಶ್ಯ ಹೇಳುತ್ತೇನೆ. ಕಾರು ನಿಂತ ಕೂಡಲೇ ಕೂಲಿಯವರು ಸೂಟ್‌ಕೇಸ್‌ಗಳನ್ನು ಇಳಿಸಿ, ಕ್ಯಾಬಿನ್ ಸಂಖ್ಯೆಯ ಚೀಟಿ ಕಟ್ಟಿ ಗಾಡಿಗೆ ಏರಿಸಿಬಿಡುತ್ತಾರೆ. ಎರಡು ನಿಮಿಷದ ಕೆಲಸ. ಕೌಂಟರಿನಲ್ಲಿ ಆಧಾರ್ ಕೇಳುತ್ತಾರೆ. ಮಗ ಅಮ್ಮನ ಮುಖ ನೋಡುತ್ತಾನೆ, ಅಮ್ಮ ಸೊಸೆಯ ಮುಖ ನೋಡುತ್ತಾರೆ. ಕಾರ್ಡು ಆ ಹೋದ ಸೂಟ್‌ಕೇಸಿನ ಒಳಗೆ, ಸೀರೆಯ ಮಡಿಕೆಯಲ್ಲಿ ಭದ್ರವಾಗಿದೆ. ಹಾಗಾಗಿ ಆರೂ ಜನರ ಮೂಲ ಗುರುತಿನ ಚೀಟಿ, ಮಗುವಿನದೂ ಸೇರಿ, ಒಬ್ಬರ ಹೆಗಲಚೀಲದಲ್ಲಿ ಒಟ್ಟಿಗೆ ಇರಲಿ. ಆನ್‌ಲೈನ್ ನೋಂದಣಿ ಮನೆಯಲ್ಲೇ ಮುಗಿಸಿ, ಅದರ ಪ್ರತಿಯನ್ನು ಮುದ್ರಿಸಿಕೊಳ್ಳಿ. ಸೂಟ್‌ಕೇಸ್ ಕ್ಯಾಬಿನ್‌ಗೆ ಬರುವುದು ಕೆಲವು ಗಂಟೆಗಳ ನಂತರ. ಆದ್ದರಿಂದ ಆಯಿಯ ರಕ್ತದೊತ್ತಡದ ಮಾತ್ರೆ, ಮಗುವಿಗೆ ಒಂದು ಜೊತೆ ಬಟ್ಟೆ, ಚಾರ್ಜರ್ ಕೈಚೀಲದಲ್ಲೇ ಇರಬೇಕು. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಚಾಕು ಒಯ್ಯಬೇಡಿ, ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಮನೆಯ ಅಡುಗೆಗೂ ಬಹುತೇಕ ಕಂಪನಿಗಳು ಒಪ್ಪುವುದಿಲ್ಲ. ಕಟ್ಟಿಕೊಂಡು ಬಂದ ಅವಲಕ್ಕಿ, ಚಕ್ಕುಲಿಯನ್ನು ವೆರ್ಣಾ ಬರುವುದರೊಳಗೆ ಕಾರಿನಲ್ಲೇ ತಿಂದು ಮುಗಿಸಿ. ಮಡಗಾಂವಿನ ಊಟವನ್ನು ಬಿಟ್ಟುಬಿಡಿ, ಒಳಗೆ ಹೋದ ಮೇಲೆ ಹಡಗಿನಲ್ಲೇ ಊಟ ಸಿಗುತ್ತದೆಯೇ ಎಂದು ಕಾಯ್ದಿರಿಸುವಾಗಲೇ ಕೇಳಿಕೊಳ್ಳಿ.

ಗಾಲಿಕುರ್ಚಿಯನ್ನು ಈಗಲೇ ಕಂಪನಿಗೆ ಬರೆದು ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಆಯಿ ಒಪ್ಪದಿದ್ದರೂ ಕೇಳಿ. ಹಡಗು ನಿಲ್ಲುವ ಧಕ್ಕೆಯಿಂದ ಅದಕ್ಕೆ ಏರುವ ಹಲಗೆಯ ದಾರಿ ಇಳಿಜಾರಾಗಿರುತ್ತದೆ, ಅದಕ್ಕೂ ಮೊದಲು ನಿಲ್ಲಬೇಕಾದ ಸಾಲುಗಳೇ ಮೊಣಕಾಲಿಗೆ ಹೆಚ್ಚು ಭಾರ. ವಾಂತಿಯ ಮಾತ್ರೆಯನ್ನು ಘಟ್ಟಕ್ಕೆಂದೂ ಸಮುದ್ರಕ್ಕೆಂದೂ ನೀವೇ ಕೊಡಬೇಡಿ. ಅದು ವಯಸ್ಸಾದವರಿಗೆ ತೂಕಡಿಕೆ, ತಲೆಸುತ್ತು ತರಬಹುದು, ಶಿರಸಿಯಲ್ಲೇ ವೈದ್ಯರನ್ನು ಕೇಳಿ.

ಈಗ ಕಾರು. ನೀವು ಇಳಿಯುವುದು ಮುಂಬೈನಲ್ಲಿ, ಕಾರು ಉಳಿಯುವುದು ವಾಸ್ಕೋದಲ್ಲಿ. ಅದನ್ನು ತರಲೆಂದೇ ಮತ್ತೆ ಗೋವಾಕ್ಕೆ ಹೋಗಬೇಕಾಗುತ್ತದೆ. ಅದರ ಬದಲು ನಿಮ್ಮ ಕಾರನ್ನು ಕಾರವಾರದಲ್ಲಿ ನೆಂಟರ ಮನೆಯಲ್ಲೋ, ನೀವು ಉಳಿದುಕೊಂಡ ವಸತಿಗೃಹದಲ್ಲಿ ಮಾತಾಡಿಯೋ ಬಿಟ್ಟು, ಬಂದರಿನವರೆಗೆ ಬಾಡಿಗೆ ವಾಹನ ಮಾಡಿಕೊಳ್ಳಿ. ನಾನು ಬಾಡಿಗೆ ಓಡಿಸುವವನೆಂದು ಹೀಗೆ ಹೇಳುತ್ತಿಲ್ಲ, ಯಾರ ಗಾಡಿಯಾದರೂ ಸರಿ. ಹಳದಿ ಫಲಕ ಇರಲಿ, ಗೋವಾಕ್ಕೆ ಹೋಗುವ ಪರವಾನಗಿ ಇರಲಿ. ಆರು ಜನರೊಂದಿಗೆ ಆರು ದೊಡ್ಡ ಸೂಟ್‌ಕೇಸ್ ಏಳು ಸೀಟಿನ ಕಾರಿನಲ್ಲಿ ಹಿಡಿಯುವುದಿಲ್ಲ ಎಂಬುದನ್ನೂ ನೆನಪಿಡಿ. ಹಿಂದಿನ ಸಾಲಿನಲ್ಲಿ ಜನ ಕುಳಿತರೆ ಡಿಕ್ಕಿಯಲ್ಲಿ ಉಳಿಯುವುದು ಎರಡು ಚೀಲದ ಜಾಗ. ಎರಡು ರಾತ್ರಿಗೆ ಮೂರು ಮಧ್ಯಮ ಗಾತ್ರದ ಪೆಟ್ಟಿಗೆ ಸಾಕು, ಮೇಲೆ ಕ್ಯಾರಿಯರ್ ಇರುವ ಗಾಡಿ ಕೇಳಿ.

ಮುಂಬೈನಲ್ಲಿ ಹಡಗು ಬಂದು ನಿಲ್ಲುವ ಬಲ್ಲಾರ್ಡ್ ಪಿಯರ್‌ನಿಂದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ (ಸಿಎಸ್‌ಎಂಟಿ) ರೈಲು ನಿಲ್ದಾಣ ಹತ್ತಿರ. ಅಲ್ಲಿಂದ ರಾತ್ರಿ ಹೊರಡುವ ಮಂಗಳೂರು ಎಕ್ಸ್‌ಪ್ರೆಸ್ ಮರುದಿನ ಬೆಳಿಗ್ಗೆ ಕಾರವಾರ ತಲುಪಿಸುತ್ತದೆ. ಕಾರು ಇಲ್ಲೇ ಇರುತ್ತದೆ, ಹಗಲಿನಲ್ಲೇ ಘಟ್ಟ ಹತ್ತಬಹುದು. ಮಧ್ಯಾಹ್ನ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕೂಡ ಇಲ್ಲಿ ನಿಲ್ಲುತ್ತದೆ, ಆದರೆ ಅದು ಇಲ್ಲಿಗೆ ಬರುವುದು ನಡುರಾತ್ರಿ ಕಳೆದ ಮೇಲೆ, ಮಗುವಿಗೂ ಆಯಿಗೂ ಕಷ್ಟ. ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ. ಆರು ಬರ್ತ್ ಒಟ್ಟಿಗೆ, ಆಯಿಗೆ ಕೆಳಗಿನದು ಬೇಕಿದ್ದರೆ ಆ ದಿನವೇ ಮಾಡಿ.

ಹೊರಡುವ ಹಿಂದಿನ ಸಂಜೆ ಕಂಪನಿಯ ಸಂದೇಶವನ್ನು ಇನ್ನೊಮ್ಮೆ ತೆರೆದು ನೋಡಿ, ಹಡಗಿನ ಸಮಯವೂ ದ್ವಾರವೂ ಕೊನೆಯ ಗಳಿಗೆಯಲ್ಲಿ ಬದಲಾಗುವುದುಂಟು. ನಿಮ್ಮ ದಿನಾಂಕವನ್ನು ಇಲ್ಲಿ ಬರೆದರೆ, ಆ ವಾರ ಕಾಳಿ ಸೇತುವೆ ಮತ್ತು ಕರ್ಮಲ್ ಘಾಟ್‌ನ ಸ್ಥಿತಿ ಹೇಗಿದೆ ಎಂದು ಹೋಗಿ ಬಂದ ಮೇಲೆ ತಿಳಿಸುತ್ತೇನೆ.