ಪುಸ್ತಕ ಬಚ್ಚಿಡಬೇಡಿ, ಆ ದಿನದ ಕಥೆ ಹೇಳಿ

ಹೆಸರೂ ಬೇಡ, ಊರೂ ಬೇಡ ಎಂದು ಬರೆದಿದ್ದೀರಿ. ಆಗಲಿ, ಎರಡನ್ನೂ ಹಾಕಿಲ್ಲ. ಆದರೆ ನಿಮ್ಮ ಪತ್ರ ಓದಿದ ಮೇಲೆ ಉಳಿದ ಪತ್ರಗಳನ್ನು ಕೈಗೆತ್ತಿಕೊಳ್ಳಲು ಮನಸ್ಸಾಗಲಿಲ್ಲ. ಸೈಟಿನ ಪಾಲು, ಅತ್ತೆ-ಸೊಸೆ ಜಗಳ ಎಲ್ಲ ಮುಂದಿನ ವಾರ.

ಓದುಗರಿಗಾಗಿ ವಿಷಯ ಇಷ್ಟು. ಹದಿನಾರು ವರ್ಷದ ಮಗ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂತು ಅಂತ ದೂರದ ಊರಿನ ರೆಸಿಡೆನ್ಶಿಯಲ್ ಕಾಲೇಜಿನಲ್ಲಿ ಸೈನ್ಸಿಗೆ ಸೇರಿಸಿದ್ದಾರೆ. ದಸರಾ ರಜೆಗೆ ಬಂದವನು ವಾಪಸ್ ಹೋಗಲ್ಲ ಎಂದು ಕೂತಿದ್ದಾನೆ. ಟೆಸ್ಟುಗಳಲ್ಲಿ ಒಂದರ ಹಿಂದೆ ಒಂದು ಫೇಲು. ಲೆಕ್ಚರರುಗಳು ನಾಟಕ ಆಡುತ್ತಾರೆ, ವಾರ್ಡನ್ ನಾಟಕ ಆಡುತ್ತಾನೆ, ಮನೆಗೆ ಬರುವ ನೆಂಟರದ್ದಂತೂ ಕಂಪನಿ ನಾಟಕ ಎನ್ನುತ್ತಾನಂತೆ. ಕೈಯಲ್ಲಿ ಸದಾ ಒಂದು ಇಂಗ್ಲಿಷ್ ಕಾದಂಬರಿ, 'ದಿ ಕ್ಯಾಚರ್ ಇನ್ ದ ರೈ'. ತಾಯಿ ಮೊಬೈಲಿನಲ್ಲಿ ಹುಡುಕಿ ನೋಡಿದ್ದಾರೆ. 1980ರಲ್ಲಿ ಜಾನ್ ಲೆನನ್ ಎಂಬ ಹಾಡುಗಾರನನ್ನು ಗುಂಡಿಟ್ಟು ಕೊಂದವನ ಕೈಯಲ್ಲಿ ಇದೇ ಪುಸ್ತಕ ಇತ್ತು ಎಂದು ಕಂಡಿದೆ. ಅಲ್ಲಿಂದ ನಿದ್ದೆ ಇಲ್ಲ. ಪುಸ್ತಕ ಬಚ್ಚಿಡಲಾ, ಬಲವಂತವಾಗಿ ಹಾಸ್ಟೆಲಿಗೆ ಕಳಿಸಲಾ ಎಂದು ಕೇಳಿದ್ದಾರೆ.

ನಿಮ್ಮ ಮೂರನೇ ಪುಟದಲ್ಲಿ ಬ್ರಾಕೆಟ್ ಹಾಕಿ ಹೀಗೆ ಬರೆದಿದ್ದೀರಿ: "(ಇವನಿಗಿಂತ ದೊಡ್ಡವಳು ಒಬ್ಬ ಮಗಳಿದ್ದಳು, ಎರಡು ವರ್ಷದ ಹಿಂದೆ ಡೆಂಗಿ ಜ್ವರದಲ್ಲಿ ಹೋದಳು. ಆಗ ಇವನಿಗೆ ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆ ನಡೀತಿತ್ತು. ನನ್ನ ಅಣ್ಣನವರು ಇವನನ್ನು ಅವರ ಮನೆಗೆ ಕರೆದುಕೊಂಡು ಹೋಗಿ, ಪರೀಕ್ಷೆ ಮುಗಿದ ಮೇಲೆ ವಿಷಯ ತಿಳಿಸಿದರು. ಹನ್ನೊಂದನೇ ದಿನದ ತಿಥಿಗೆ ಕರೆತಂದರು.)" ಬ್ರಾಕೆಟ್ ಮುಗಿದ ಕೂಡಲೇ ಮುಂದಿನ ಸಾಲು, "ಈಗ ಫೀಸಿನ ವಿಷಯಕ್ಕೆ ಬರುತ್ತೇನೆ."

ಫೀಸು ಇರಲಿ ಬಿಡಿ. ಅಕ್ಕನ ಚಿತೆ ಆರಿದ ಮೇಲೆ ಆ ಹುಡುಗ ಸಮಾಜ ವಿಜ್ಞಾನದ ಪರೀಕ್ಷೆ ಬರೆದಿದ್ದಾನೆ. ಬೆಳಿಗ್ಗೆ ಮಾವ ಸ್ಕೂಟರಿನಲ್ಲಿ ಬಿಟ್ಟು ಬಂದಿದ್ದಾರೆ. ಸಂಜೆ "ಪೇಪರ್ ಈಸಿ ಇತ್ತಾ?" ಎಂದು ಕೇಳಿದ್ದಾರೆ. ಅಕ್ಕ ಹೇಗಿದ್ದಾಳೆ ಎಂದು ಅವನು ಕೇಳಿಯೇ ಕೇಳಿರುತ್ತಾನೆ. ಯಾರೋ "ಪರವಾಗಿಲ್ಲ, ಸುಧಾರಿಸ್ತಿದ್ದಾಳೆ" ಅಂದಿರುತ್ತಾರೆ. ಅತ್ತೆ ಮುಖ ತೊಳೆದುಕೊಂಡು ಬಂದು ದೋಸೆ ಹಾಕಿಕೊಟ್ಟಿರುತ್ತಾರೆ. ಆಮೇಲೆ ಒಂದು ಮಧ್ಯಾಹ್ನ ಅವನಿಗೆ ಎಲ್ಲ ಗೊತ್ತಾಗಿದೆ. ಅಷ್ಟು ದಿನ ತನ್ನ ಸುತ್ತ ಇದ್ದ ದೊಡ್ಡವರೆಲ್ಲ ಸೇರಿ ತನ್ನ ಮುಂದೆ ಏನು ಮಾಡುತ್ತಿದ್ದರು ಅನ್ನುವುದೂ ಗೊತ್ತಾಗಿದೆ. ಈಗ ಅವನು ಎಲ್ಲರದ್ದೂ ನಾಟಕ ಅಂದರೆ ನಿಮಗೆ ಆಶ್ಚರ್ಯ ಆಗುತ್ತದಾ? ಆ ಮಾತು ಅವನು ಪುಸ್ತಕದಿಂದ ಕಲಿತದ್ದಲ್ಲ. ತನಗೆ ಮೊದಲೇ ಗೊತ್ತಿದ್ದದ್ದನ್ನು ಇನ್ನೊಬ್ಬ ಹುಡುಗ ಹೇಳುತ್ತಿದ್ದಾನೆ ಅಂತ ಆ ಪುಸ್ತಕ ಹಿಡಿದುಕೊಂಡಿದ್ದಾನೆ.

ಮೊಬೈಲು ನಿಮಗೆ ಹೇಳಿದ್ದು ಪುಸ್ತಕದ ಹೊರಗಿನ ಕಥೆ. ಒಳಗಿನದ್ದು ನಾನು ಹೇಳುತ್ತೇನೆ. ಬರೆದವರು ಜೆ.ಡಿ. ಸಾಲಿಂಜರ್, 1951ರಲ್ಲಿ ಬಂತು. ಕಥೆ ಹೇಳುವ ಹುಡುಗ ಹೋಲ್ಡನ್ ಕಾಲ್‌ಫೀಲ್ಡ್. ಹದಿನಾರರಲ್ಲಿ ತನಗೆ ಆದದ್ದನ್ನು ಹದಿನೇಳರಲ್ಲಿ ಹೇಳುತ್ತಾನೆ. ಪೆನ್ಸಿಲ್ವೇನಿಯಾದ ಒಂದು ವಸತಿ ಶಾಲೆಯಿಂದ ಅವನನ್ನು ತೆಗೆದುಹಾಕಿದ್ದಾರೆ. ಐದು ವಿಷಯದಲ್ಲಿ ನಾಲ್ಕು ಡುಮ್ಕಿ, ಇಂಗ್ಲಿಷ್ ಒಂದು ಪಾಸು. ಕ್ರಿಸ್‌ಮಸ್ ರಜೆ ಶುರುವಾಗುವ ತನಕ ಕಾಯದೆ ಒಂದು ಶನಿವಾರ ರಾತ್ರಿ ಟೈಪ್‌ರೈಟರ್ ಮಾರಿ ರೈಲು ಹತ್ತುತ್ತಾನೆ. ನ್ಯೂಯಾರ್ಕಿನಲ್ಲೇ ಅವನ ಮನೆ, ಆದರೆ ಮನೆಗೆ ಹೋಗಲ್ಲ. ಹೋಟೆಲಿನಲ್ಲಿ ರೂಮ್ ಹಿಡಿಯುತ್ತಾನೆ, ಕುಡಿಯುತ್ತಾನೆ, ಸಿಕ್ಕಸಿಕ್ಕವರಿಗೆ ಫೋನ್ ಮಾಡುತ್ತಾನೆ. ಸೆಂಟ್ರಲ್ ಪಾರ್ಕಿನ ಕೊಳ ಚಳಿಗೆ ಗಟ್ಟಿಯಾದಾಗ ಅಲ್ಲಿನ ಬಾತುಕೋಳಿಗಳು ಎಲ್ಲಿಗೆ ಹೋಗುತ್ತವೆ ಎಂದು ಟ್ಯಾಕ್ಸಿ ಡ್ರೈವರನ್ನು ಕೇಳುತ್ತಾನೆ. ಕಂಡವರನ್ನೆಲ್ಲ ಡೋಂಗಿ ಎನ್ನುತ್ತಾನೆ, ತಾನೇ ಮಹಾ ಸುಳ್ಳುಗಾರ ಎಂದೂ ಒಪ್ಪಿಕೊಳ್ಳುತ್ತಾನೆ. ರೈಲಿನಲ್ಲಿ ಒಬ್ಬ ಸಹಪಾಠಿಯ ತಾಯಿ ಸಿಕ್ಕಾಗ, ಅವನಿಗೆ ಕಂಡರಾಗದ ಆ ಹುಡುಗನನ್ನು ಬಾಯಿ ತುಂಬ ಹೊಗಳಿ ಆಕೆಯನ್ನು ಖುಷಿಪಡಿಸುತ್ತಾನೆ. ನನಗೆ ತುಂಬ ಇಷ್ಟವಾದ ಜಾಗ ಅದು.

ಇಷ್ಟಕ್ಕೇ ನಿಂತವರು ಅವನಿಗೆ ಬಂಡಾಯಗಾರ ಎಂದು ಪಟ್ಟ ಕಟ್ಟಿದರು. ಅಮೆರಿಕದ ಎಷ್ಟೋ ಶಾಲೆಗಳು ಮಕ್ಕಳು ಕೆಟ್ಟುಹೋಗುತ್ತಾರೆ ಎಂದು ಪುಸ್ತಕವನ್ನು ಲೈಬ್ರರಿಯಿಂದ ತೆಗೆದವು. ಇಬ್ಬರೂ ಅರ್ಧ ಓದಿದವರು.

ಹೋಲ್ಡನ್‌ಗೆ ಆಲಿ ಎಂಬ ತಮ್ಮನಿದ್ದ. ಎರಡು ವರ್ಷ ಚಿಕ್ಕವನು, ಕೆಂಚುಗೂದಲಿನವನು, ಎಡಚ. ಬೇಸ್‌ಬಾಲ್ ಆಡುವಾಗ ಕೈಗೆ ಹಾಕುವ ಚರ್ಮದ ಗ್ಲೌಸಿನ ಮೇಲೆಲ್ಲ ಹಸಿರು ಶಾಯಿಯಲ್ಲಿ ಕವಿತೆ ಬರೆದುಕೊಂಡಿದ್ದ. ಫೀಲ್ಡಿಂಗಿಗೆ ನಿಂತು ಬೇಜಾರಾದಾಗ ಓದುವುದಕ್ಕೆ. 1946ರ ಜುಲೈ 18ರಂದು ರಕ್ತದ ಕ್ಯಾನ್ಸರಿನಲ್ಲಿ ತೀರಿಕೊಂಡ. ಆ ರಾತ್ರಿ ಹದಿಮೂರು ವರ್ಷದ ಹೋಲ್ಡನ್ ಗ್ಯಾರೇಜಿನಲ್ಲಿ ಮಲಗಿ, ಕಿಟಕಿ ಗಾಜುಗಳನ್ನೆಲ್ಲ ಬರಿಗೈಯಲ್ಲಿ ಗುದ್ದಿ ಒಡೆದ. ಕೈ ಮುರಿಯಿತು. ಈಗಲೂ ಅವನಿಗೆ ಗಟ್ಟಿಯಾಗಿ ಮುಷ್ಟಿ ಹಿಡಿಯಲು ಆಗಲ್ಲ, ಮಳೆ ಬಂದರೆ ನೋಯುತ್ತದೆ.

ಇಷ್ಟನ್ನು ಪುಸ್ತಕ ಓದಿದ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಮರೆಯುವ ಸಾಲು ತುಂಬ ಮುಂದೆ ಬರುತ್ತದೆ. ರಾತ್ರಿ ಕುಡಿದು, ತಲೆಗೆ ನೀರು ಹಾಕಿಕೊಂಡು, ಕೂದಲೆಲ್ಲ ಮಂಜುಗಡ್ಡೆಯಾಗಿ ಪಾರ್ಕಿನಲ್ಲಿ ನಡುಗುತ್ತ ಕೂತಿದ್ದಾನೆ. ನ್ಯುಮೋನಿಯಾ ಬಂದು ಸತ್ತರೆ ಅಂತ್ಯಸಂಸ್ಕಾರಕ್ಕೆ ಯಾರು ಯಾರು ಬರಬಹುದು ಎಂದು ಲೆಕ್ಕ ಹಾಕುತ್ತಾನೆ. ಆಗ ಹೇಳುತ್ತಾನೆ, ಆಲಿಯ ಅಂತ್ಯಸಂಸ್ಕಾರಕ್ಕೆ ತಾನಿರಲಿಲ್ಲ, ಕೈ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದೆ ಅಂತ. ಅಷ್ಟು ಹೇಳಿ ಮುಂದೆ ಹೋಗುತ್ತಾನೆ. ನೀವು ಬ್ರಾಕೆಟ್ ಹಾಕಿದಿರಲ್ಲ, ಅವನದೂ ಹಾಗೆಯೇ. ಆಮೇಲೆ ಅಪ್ಪ ಅಮ್ಮನ ಜೊತೆ ಸಮಾಧಿಗೆ ಹೋಗಿದ್ದನ್ನು ನೆನೆಯುತ್ತಾನೆ. ಮಳೆ ಬಂದಾಗ ಅಲ್ಲಿದ್ದವರೆಲ್ಲ ಕಾರುಗಳಿಗೆ ಓಡಿದರಂತೆ. ರೇಡಿಯೋ ಹಾಕಿಕೊಂಡು ಎಲ್ಲಾದರೂ ಊಟಕ್ಕೆ ಹೋಗಬಹುದು ಅವರು, ಆಲಿ ಮಾತ್ರ ಹೋಗಲಾರ. ಅದನ್ನು ಅವನ ಕೈಲಿ ತಡೆಯಲಾಗಲಿಲ್ಲ. ಕಂಡವರನ್ನೆಲ್ಲ ಡೋಂಗಿ ಎನ್ನುವ ಸಿಟ್ಟಿನ ಬುಡ ಇಲ್ಲಿದೆ ಅನ್ನುವುದು ನನ್ನ ಓದು. ವಿಮರ್ಶಕರು ಬೇರೆ ಹೇಳಬಹುದು, ಹೇಳಿಕೊಳ್ಳಲಿ.

ಬರೆದ ಸಾಲಿಂಜರ್ ಕೂಡ ಸುಮ್ನೆ ಕೂತು ಬರೆದವರಲ್ಲ. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು, ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದ ಅಮೆರಿಕದ ಸೈನಿಕ. ಈ ಕಾದಂಬರಿಯ ಕೆಲವು ಅಧ್ಯಾಯಗಳು ಯುದ್ಧದಲ್ಲಿ ಅವರ ಜೊತೆಗಿದ್ದವು. ಯುದ್ಧ ಮುಗಿದಾಗ ಮನಸ್ಸು ಕುಸಿದು ಆಸ್ಪತ್ರೆ ಸೇರಿದ್ದರು.

ಈಗ ನಿಮ್ಮ ಪತ್ರದ ಇನ್ನೊಂದು ಸಾಲಿಗೆ ಬರೋಣ. ಮಗನಿಗೆ ದುಡ್ಡಿನ ಬೆಲೆ ಗೊತ್ತಿಲ್ಲ ಎಂದು ಉದಾಹರಣೆ ಕೊಟ್ಟಿದ್ದೀರಿ. ಅಕ್ಕನ ಹಳೆಯ ನಂಬರಿಗೆ ತನ್ನ ಖರ್ಚಿನ ದುಡ್ಡಿನಲ್ಲಿ ರೀಚಾರ್ಜ್ ಮಾಡಿಸುತ್ತಾನೆ, ಯಾರೂ ಬಳಸದ ನಂಬರು, ಎಷ್ಟು ಹೇಳಿದರೂ ಕೇಳಲ್ಲ ಅಂತ. ಅಮ್ಮಾ, ಅದು ದುಂದುವೆಚ್ಚ ಅಲ್ಲ. ಹೋಲ್ಡನ್ ಕೂಡ ಜೀವ ಕುಗ್ಗಿದಾಗ ಆಲಿಯ ಜೊತೆ ಗಟ್ಟಿಯಾಗಿ ಮಾತಾಡುತ್ತಾನೆ. ಒಂದು ದಿನ ಗೆಳೆಯನ ಜೊತೆ ಸೈಕಲ್ಲಿನಲ್ಲಿ ಹೊರಟಾಗ ಆಲಿ ತಾನೂ ಬರುತ್ತೇನೆ ಅಂದಿದ್ದ, ನೀನು ಚಿಕ್ಕವನು ಎಂದು ಬಿಟ್ಟು ಹೋಗಿದ್ದ. ಈಗ ಮತ್ತೆ ಮತ್ತೆ ಹೇಳುತ್ತಾನೆ, ಆಯ್ತು, ಮನೆಗೆ ಹೋಗಿ ಸೈಕಲ್ ತಗೊಂಡು ಬಾ ಅಂತ. ನಿಮ್ಮ ಮಗ ಆ ನಂಬರಿಗೆ ಏನು ಕಳಿಸುತ್ತಾನೋ ನೋಡಲು ಹೋಗಬೇಡಿ. ಈ ತಿಂಗಳ ರೀಚಾರ್ಜ್ ನೀವೇ ಮಾಡಿಸಿ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಮಗಳನ್ನು ಕಳಕೊಂಡ ತಾಯಿಗೆ ಆ ವಾರ ಹಗಲು ಯಾವುದು ರಾತ್ರಿ ಯಾವುದು ಎಂದು ಗೊತ್ತಿರಲ್ಲ. ಯಜಮಾನರ ಬಗ್ಗೆ "ಅವರು ಏನೂ ಮಾತಾಡಲ್ಲ" ಅಂತ ಒಂದೇ ಸಾಲು ಬರೆದಿದ್ದೀರಿ, ಅವರನ್ನೂ ಬಿಡೋಣ. ನನ್ನ ಸಿಟ್ಟು ನಿಮ್ಮ ಅಣ್ಣನವರ ಮೇಲೆ. ಅರ್ಧವಾರ್ಷಿಕ ಪರೀಕ್ಷೆ! ಆ ಅಂಕಪಟ್ಟಿ ಈಗ ಎಲ್ಲಿದೆ, ಯಾರಾದರೂ ಕೇಳಿದ್ದಾರಾ? ಹಾಸ್ಟೆಲ್ ಐಡಿಯಾ ಕೊಟ್ಟವರೂ ಅವರೇ, ಡೊನೇಶನ್ ಹೊಂದಿಸಿದವರೂ ಅವರೇ, ಈಗ "ಎರಡು ಬಿಗಿದರೆ ಸರಿಹೋಗ್ತಾನೆ" ಅನ್ನುತ್ತಿರುವವರೂ ಅವರೇ. ಒಳ್ಳೆಯ ಮನುಷ್ಯರೇ ಇರಬಹುದು. ಆದರೆ ಮನೆಯಲ್ಲಿ ಕಷ್ಟ ಬಂದಾಗಲೆಲ್ಲ ಅವರಿಗೆ ಹೊಳೆಯುವ ಉಪಾಯ ಒಂದೇ, ಹುಡುಗನನ್ನು ಅಲ್ಲಿಂದ ಎಬ್ಬಿಸಿ ಬೇರೆ ಕಡೆ ಕೂರಿಸುವುದು. ಹಾಸ್ಟೆಲ್ ಔಷಧಿ ಅಲ್ಲ ಎಂದು ಈ ಅಂಕಣದಲ್ಲಿ ಬರೆದು ಬರೆದು ನನಗೇ ಸಾಕಾಗಿದೆ. ಹೋಲ್ಡನ್‌ನ ಅಪ್ಪ ಅಮ್ಮನೂ ಅದನ್ನೇ ಮಾಡಿದರು. ಒಂದು ಶಾಲೆ ಆಗಲಿಲ್ಲವೇ, ಇನ್ನೊಂದು. ಅವನ ಅಮ್ಮ ಕೆಟ್ಟವಳೇನಲ್ಲ. ಆಲಿ ಹೋದ ಮೇಲೆ ಆಕೆಯೂ ನೆಟ್ಟಗಿಲ್ಲ, ರಾತ್ರಿಯೆಲ್ಲ ಎದ್ದು ಕೂತು ಸಿಗರೇಟು ಸೇದುತ್ತಾಳೆ. ಮಗನಿಗೆ ಸ್ಕೇಟಿಂಗ್ ಶೂ ಕಳಿಸಿದ್ದಾಳೆ, ಅವನು ಕೇಳಿದ್ದು ಒಂದು, ಆಕೆ ಕೊಂಡದ್ದು ಇನ್ನೊಂದು. ಶಾಲೆ ಬಿಡಲು ಪೆಟ್ಟಿಗೆ ಕಟ್ಟುವಾಗ ಅದನ್ನು ನೋಡಿ, ಅಂಗಡಿಯಲ್ಲಿ ನಿಂತು ಅಮ್ಮ ಏನೇನು ಕೇಳಿರಬಹುದು ಎಂದು ನೆನೆದು ಸಂಕಟಪಡುತ್ತಾನೆ. ಪ್ರೀತಿ ಇತ್ತು, ಪಾರ್ಸಲ್‌ನಲ್ಲಿ ಬರುತ್ತಿತ್ತು ಅಷ್ಟೇ.

ಬುದ್ಧಿ ಹೇಳುವವರಿಗಂತೂ ಆ ಪುಸ್ತಕದಲ್ಲಿ ಬರವಿಲ್ಲ. ವಯಸ್ಸಾದ ಇತಿಹಾಸದ ಮೇಷ್ಟ್ರು ಶೀತ ಜ್ವರ ಬಂದು, ವಿಕ್ಸ್ ವಾಸನೆ ತುಂಬಿದ ಕೋಣೆಯಲ್ಲಿ ಕೂತು, ಹುಡುಗ ಬರೆದ ಕೆಟ್ಟ ಉತ್ತರವನ್ನು ಅವನ ಎದುರಿಗೇ ಜೋರಾಗಿ ಓದುತ್ತಾರೆ. ಇನ್ನೊಬ್ಬ ಮೇಷ್ಟ್ರು, ನಿದ್ದೆಗೆಟ್ಟು ತೂಕಡಿಸುತ್ತಿರುವ ಹುಡುಗನಿಗೆ ನಡುರಾತ್ರಿ ಪ್ರಬುದ್ಧತೆಯ ಬಗ್ಗೆ ನುಡಿಮುತ್ತು ಬರೆದುಕೊಡುತ್ತಾರೆ. ಆಲಿ ಸತ್ತಿದ್ದಾನೆ ಎಂದು ಅವನ ಮುಖಕ್ಕೆ ಹೇಳುವವಳು ಹತ್ತು ವರ್ಷದ ತಂಗಿ ಫೀಬಿ. ನಿನಗೆ ಇಷ್ಟವಾದದ್ದು ಒಂದಾದರೂ ಹೇಳು ಎಂದು ಅವಳು ಪೀಡಿಸಿದಾಗ ಅವನು ಆಲಿ ಅಂದಿರುತ್ತಾನೆ. ಪುಸ್ತಕದ ಹೆಸರಿನ ಗುಟ್ಟು ಹೇಳುವುದೂ ಅವಳಿಗೇ. ರೈ ಎಂಬ ಧಾನ್ಯದ ಹೊಲದಲ್ಲಿ ಮಕ್ಕಳು ಆಡುತ್ತಿರುತ್ತಾರೆ, ಅಂಚಿನಲ್ಲಿ ಪ್ರಪಾತ, ಬೀಳುವ ಮಕ್ಕಳನ್ನು ಹಿಡಿಯಲು ತಾನು ನಿಂತಿರಬೇಕು ಅಂತ. ಅವನು ಹಿಡಿಯಲಾಗದೆ ಹೋದದ್ದು ಯಾರನ್ನು ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಮಾರನೇ ದಿನ ಊರು ಬಿಟ್ಟು ಓಡಿಹೋಗಲು ಅವನು ಹೊರಟರೆ, ಈ ಹುಡುಗಿ ಅವನದೇ ಹಳೆಯ ಸೂಟ್‌ಕೇಸ್ ಎಳೆದುಕೊಂಡು ನಾನೂ ಬರ್ತೀನಿ ಎಂದು ನಿಲ್ಲುತ್ತಾಳೆ. ಅಲ್ಲಿಗೆ ಅವನ ಓಟ ಮುಗಿಯಿತು. ನಿಮ್ಮ ಮನೆಯಲ್ಲಿ ಫೀಬಿ ಇಲ್ಲ. ಆ ಕೆಲಸ ನೀವೇ ಮಾಡಬೇಕು.

ಮಾಡಬೇಕಾದದ್ದು ಇಷ್ಟು. ರಜೆ ಮುಗಿಯುವುದರೊಳಗೆ ಒಂದು ಮಧ್ಯಾಹ್ನ ನೀವು, ಯಜಮಾನರು, ಮಗ ಮೂವರೇ ಕೂತು ಆ ದಿನದ ಕಥೆಯನ್ನು ಅವನಿಗೆ ಪೂರ್ತಿ ಹೇಳಿ. ಆಸ್ಪತ್ರೆಯಿಂದ ಫೋನ್ ಬಂದ ಹೊತ್ತಿನಿಂದ ಹಿಡಿದು. ಅವಳು ಕೊನೆಗೆ ಏನು ಮಾತಾಡಿದಳು, ತಮ್ಮನನ್ನು ಕೇಳಿದಳಾ. ಮನೆಗೆ ಎಷ್ಟು ಗಂಟೆಗೆ ತಂದಿರಿ, ಯಾವ ಚೂಡಿದಾರ್ ಉಡಿಸಿದಿರಿ, ಯಾರು ಯಾರು ಹೆಗಲು ಕೊಟ್ಟರು, ಬೆಂಕಿ ಯಾರು ಇಟ್ಟರು, ಅಸ್ಥಿ ಎಲ್ಲಿ ಬಿಟ್ಟಿರಿ. ನೆನಪಿದ್ದಷ್ಟು ಹೇಳಿ, ಇಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. "ನಿನ್ನ ಒಳ್ಳೇದಕ್ಕೇ ಹಾಗೆ ಮಾಡಿದ್ವಿ" ಎಂಬ ಮಾತು ಮಾತ್ರ ಬಾಯಿಂದ ಬರಕೂಡದು. ನಿನ್ನನ್ನು ಕರೆಸಬೇಕಿತ್ತು, ತಪ್ಪಾಯ್ತು ಅನ್ನಿ. ಅವನು ಕೂಗಾಡಬಹುದು, ಎದ್ದು ಹೋಗಬಹುದು, ಎರಡು ದಿನ ಊಟ ಬಿಡಬಹುದು. ಬಿಡಲಿ. ಅಸ್ಥಿ ಬಿಟ್ಟ ಜಾಗ ನೋಡಬೇಕು ಅಂದರೆ ಆವತ್ತೇ ಬಸ್ ಹತ್ತಿ. ಅಂದು ಓದು, ಅಂಕ, ಕಾಲೇಜು ಯಾವುದೂ ಬೇಡ. ಮಾವನಂತೂ ಬೇಡವೇ ಬೇಡ.

ಈ ನಡುವೆ "ನಾನು ಇರೋದೇ ಬೇಡ" ಎಂಬಂಥ ಮಾತು ಅವನ ಬಾಯಿಂದ ಬಂದಿದ್ದರೆ ರಜೆ ಮುಗಿಯುವ ತನಕ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೂ ತೋರಿಸಿ. ಹೋಲ್ಡನ್ ಕೊನೆಗೆ ಆರೈಕೆಗೆ ಸೇರಿದ್ದು, ಅಲ್ಲಿಂದಲೇ ಈ ಕಥೆಯನ್ನೆಲ್ಲ ಹೇಳುತ್ತಿರುವುದು. ಅದರಲ್ಲಿ ನಾಚಿಕೆ ಏನೂ ಇಲ್ಲ.

ಪುಸ್ತಕ ಅವನ ಹತ್ತಿರವೇ ಇರಲಿ. ಕೋಟಿಗಟ್ಟಲೆ ಜನ ಓದಿದ ಪುಸ್ತಕ ಅದು, ಒಬ್ಬ ಕೊಲೆಗಡುಕನ ಕೈಯಲ್ಲಿ ಇತ್ತು ಎಂದು ಹೆದರಬೇಕಿಲ್ಲ. ಕಾಲೇಜಿನ ವಿಷಯ ಆಮೇಲೆ, ಅವನನ್ನೇ ಕೇಳಿ ತೀರ್ಮಾನ ಮಾಡಿ. ನಿಮ್ಮೂರಲ್ಲೂ ಪಿಯು ಕಾಲೇಜು ಇದ್ದೇ ಇರುತ್ತದೆ. ಡೊನೇಶನ್ ದಂಡವಾಯ್ತು ಎಂದು ಅಣ್ಣನವರು ಕೂಗಾಡಿದರೆ ಅವರಿಗೆ ಈ ಅಂಕಣ ಕಳಿಸಿ, ನನಗೇ ಬರೆಯಲಿ.